ಸ್ಟೀಲಿಗೆ ಕೊಬ್ಬರಿ ಎಣ್ಣೆ

ಅರಸೀಕೆರೆಯಲ್ಲಿ ನಾನೂ ಗಂಗಾಧರಪ್ಪನೂ ಒಂದೇ ಶೆಡ್ಡಿನಲ್ಲಿ ಲೋಹ ಕೊರೆಯುವ ಒಂದೇ ಮಿಲ್ಲಿಂಗ್ ಮೆಷಿನ್ ಇಟ್ಟುಕೊಂಡು ಕೆಲಸ ಮಾಡುತ್ತೇವೆ. ಒಂದು ಬೆಳಿಗ್ಗೆ ಹಳೇಬೀಡಿನಿಂದ ಪದ್ಮರಾಜಯ್ಯನವರು ಬಂದರು. ಬಸದಿಯ ಅಭಿಷೇಕಕ್ಕೆಂದು ದಪ್ಪ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಯಲ್ಲಿ ನೀರು ಹರಿಯುವ ಕಾಲುವೆ ಕೊರೆಸಬೇಕಿತ್ತು. ಕೊರೆಯುವಾಗ ಬಿಸಿಯೇರದಂತೆ ಹಾಕುವ ಕಟಿಂಗ್ ಆಯಿಲ್ ಡಬ್ಬವನ್ನು ನಾನು ತೆರೆದೆ.

"ಅದ್ರಲ್ಲಿ ಪ್ರಾಣಿ ಕೊಬ್ಬು ಇದೆಯೇನ್ರೀ?" ಅಂದರು.

ಇಷ್ಟು ವರ್ಷ ಬಳಸಿದ್ದರೂ ನನಗೆ ಗೊತ್ತಿರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ, "ಇರಬಹುದು ಸಾರ್, ಇಲ್ದೇನೂ ಇರಬಹುದು," ಅಂದ. ಪದ್ಮರಾಜಯ್ಯನವರು ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟರು. ಎಣ್ಣೆಯಿಲ್ಲದೆ ಕೊರೆದರೆ ಕಟರ್ ಸುಟ್ಟುಹೋಗುತ್ತದೆ.

"ಕೂತ್ಕಳಿ ಸ್ವಾಮಿ, ಮನೇಲಿ ಕೊಬ್ಬರಿ ಎಣ್ಣೆ ಐತೆ," ಅಂತ ಗಂಗಾಧರಪ್ಪ ತಡೆದ.

ಅವನು ತಂದ ಬಾಟಲಿಯಲ್ಲಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿತ್ತು. "ಮೆಷಿನ್ ಟ್ಯಾಂಕಿಗೆ ಮಾತ್ರ ಸುರೀಬೇಡ ಕಣಯ್ಯ, ಪೈಪೆಲ್ಲ ಕಟ್ಕಳ್ಳುತ್ತೆ," ಅಂದ. ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿ, ಮೆಷಿನ್ ಚೆನ್ನಾಗಿ ಒರೆಸಿ, ಬ್ರಷ್ಷಿನಲ್ಲಿ ಎಣ್ಣೆ ಸವರುತ್ತಾ ನಿಧಾನಕ್ಕೆ ಕೊರೆದೆವು. ಕೊರೆತದ ಬಿಸಿಗೆ ಎಣ್ಣೆ ಕಾದು ಶೆಡ್ಡೆಲ್ಲ ಘಮಘಮ. ಪದ್ಮರಾಜಯ್ಯನವರು ನೀರು ಸುರಿದು, ಅದು ಸಲೀಸಾಗಿ ಹರಿದದ್ದು ನೋಡಿ ಮಗುವಿನಂತೆ ನಕ್ಕರು.

ಸಂಜೆ ಹೆಂಡತಿ ನನ್ನ ಅಂಗಿ ಮೂಸಿದಳು. "ಡಾಕ್ಟ್ರು ಬೇಡ ಅಂದ್ರೂ ಎಲ್ರೀ ಕೊಬ್ಬರಿ ಎಣ್ಣೇಲಿ ಕರಿದ ಬೋಂಡ ತಿಂದು ಬಂದ್ರಿ?"

ಆ ಎಣ್ಣೆ ಹಾಕಿ ಸ್ಟೀಲು ಕೊರೆದೆ ಅಂದರೆ ಅವಳು ಇವತ್ತಿಗೂ ನಂಬಿಲ್ಲ.