ನಾಲಾದ ಗಿಡ, ನೆತ್ತಿಯ ಕೂಸು

ವಾಸ್ಕೋ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು ಮೊನ್ನೆ ಬುಟ್ಟಿಯ ಮೇಲಿಂದ ಹಸಿ ಗೋಣಿತಟ್ಟು ಎತ್ತಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊತ್ತಂಬರಿ ಬೇಕಿತ್ತೋ ಮೆಂತ್ಯ ಬೇಕಿತ್ತೋ ಎಂಬುದೇ ನನಗೆ ಮರೆತುಹೋಯಿತು. "ಏನ್ ಬೇಕ್ರಿ, ಲಗೂನ ಹೇಳ್ರಿ" ಎಂದು ಅವಳು ಗದರಿದಳು. ಏನೂ ಕೊಳ್ಳದೆ ಬಂದುಬಿಟ್ಟೆ. ಹಸಿ ಗೋಣಿ, ಕೆಂಪು ಮಣ್ಣು, ಬಿಸಿಲಿಗೆ ಕಾದ ಕಲ್ಲು... ಗೋವೆಯ ಗಡಿಯ ಮೊಲೆಂನಲ್ಲಿ ನಮ್ಮ ಬಾಜೂ ಖೋಲಿಯಲ್ಲಿದ್ದವಳ ಸೀರೆಗೆ ಒಂದು ಬೇಸಿಗೆಯಿಡೀ ಇದೇ ವಾಸನೆಯಿತ್ತು.

ನಮ್ಮ ಮನೆಯವರೂ ಅವಳ ಗಂಡನೂ ರಸ್ತೆ ಕೆಲಸಕ್ಕೆಂದು ಅಲ್ಲಿಗೆ ಬಂದವರು. ತಗಡಿನ ಖೋಲಿಗಳ ಸಾಲು, ಅದರ ಬೆನ್ನಿಗೇ ಕಾಡು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಳದ ಹತ್ತಿರವೇ ಪರಿಚಯವಾಯಿತು. ವಿಜಯಪುರದ ಕಡೆಯವಳು, ಎಳೆ ವಯಸ್ಸು, ಕಂಕುಳಲ್ಲಿ ಹೆಣ್ಣುಕೂಸು. ಕೊಡ ತುಂಬಿ ಹರಿದರೂ ಅವಳ ಮಾತು ಮುಗಿಯುತ್ತಿರಲಿಲ್ಲ. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು.

ಆ ಮಳೆಗಾಲದಲ್ಲಿ ಕೂಸಿಗೆ ಜ್ವರ ಬಂತು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಹಲ್ಲು ಮೂಡದ ಕೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಊರವರು ಗುಡ್ಡದ ನೆತ್ತಿಯ ಅಂಚಿನಲ್ಲಿ ಜಾಗ ತೋರಿಸಿದರು. ಮೇಲೆ ತೆಳ್ಳಗೆ ಮಣ್ಣು, ಕೆಳಗೆಲ್ಲ ಕೆಂಪು ಕಲ್ಲು. ಗಂಡಸರು ಹಾರೆ ಹಾಕಿ ಒಡೆದು ತಗ್ಗು ಮಾಡಿದರು. ತಲೆಯ ಕಡೆ ಒಂದು ಗಿಡ ನೆಡುವುದು ಅವಳ ತವರಿನ ರೂಢಿ, ಕೂಸಿಗೆ ನೆರಳಾಗಲಿ ಅಂತ. ಅಲ್ಲಾಗಿದ್ದರೆ ಬೇವಿನ ಸಸಿ. ಇಲ್ಲಿ ಬೇವನ್ನು ಎಲ್ಲಿ ಹುಡುಕುವುದು? ಇಷ್ಟು ದೊಡ್ಡ ಕಾಡೇ ಇದೆಯಲ್ಲ ಎಂದು ಅವಳೇ ಕೆಳಗೆ ನೀರು ಹರಿಯುವ ನಾಲಾಕ್ಕೆ ಇಳಿದು, ಎಲ್ಲಕ್ಕಿಂತ ಚೆಂದ ಕಂಡ ಸಸಿಯೊಂದನ್ನು ಕಿತ್ತು ತಂದು ನೆಟ್ಟಳು. ಅದರ ಎಳೆ ಎಲೆಗಳು ನಸುಗೆಂಪಾಗಿ ಜೋಲುತ್ತಿದ್ದವು. ಆ ಗಿಡದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಎಡವಿದ್ದು ಅಲ್ಲೇ. ಆದರೆ ಯಾರಿಗೆ ತಿಳಿಯಬೇಕು? ಮಳೆಗಾಲದಲ್ಲಿ ಕಾಡೆಲ್ಲ ಒಂದೇ ಹಸಿರು. ಎರೆಮಣ್ಣಿನ ಬಯಲಿನಿಂದ ಬಂದ ನಮಗೆ ಕಾಡು ಅಂದರೆ ಕಾಡು, ಅಷ್ಟೇ. ಅದರೊಳಗೂ ಓಣಿಗಳಿರುತ್ತವೆ, ಒಂದು ಓಣಿಯವರು ಇನ್ನೊಂದರಲ್ಲಿ ಬಾಳುವುದಿಲ್ಲ ಎಂದು ನಮಗೆ ಹೇಳಿದವರಿರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದೊಂದೇ ಗೊತ್ತಾಗತೊಡಗಿತು. ನೆತ್ತಿಯ ಮೇಲಿನ ಕವಲುಮರ, ನೆಲ್ಲಿ, ಆ ಕುಳ್ಳ ಸೊಟ್ಟ ಮರಗಳು ಮೊದಲು ಬೋಳಾದವು. ಇಳಿಜಾರಿನ ಮತ್ತಿ, ನಂದಿ ಎತ್ತರದವು. ಇನ್ನಷ್ಟು ದಿನ ತಡೆದು ಅವೂ ಎಲೆ ಕೆಡವಿದವು. ನಾಲಾದ ದಂಡೆಯವು ಮಾತ್ರ ಏನೂ ಆಗೇ ಇಲ್ಲ ಎಂಬಂತೆ ದಟ್ಟಗೆ ನಿಂತಿದ್ದವು. ಒಂದು ಗುಡ್ಡ ಹತ್ತಿ ಇಳಿಯುವುದರಲ್ಲಿ ಮೂರು ಕಾಡು ದಾಟಬೇಕಿತ್ತು.

ನೆತ್ತಿಯ ಮೇಲೆ ಎಲ್ಲವೂ ಬೋಳಾದಾಗ ಅವಳ ಗಿಡವೊಂದೇ ಹಸಿರಾಗಿತ್ತು. ಅವಳಿಗೆ ಹಿಗ್ಗು. "ನೋಡ್ರಿ ಅಕ್ಕಾರ, ಎಲ್ಲಾ ಉದುರ್ಯಾವು. ನನ್ನ ಕೂಸಿನ ನೆಳ್ಳ ಮಾತ್ರ ಹಂಗ ಐತಿ" ಎಂದಳು. ಹೌದಲ್ಲ ಎಂದು ನಾನೂ ನಂಬಿದೆ.

ಸಂಕ್ರಾಂತಿಯ ಹೊತ್ತಿಗೆ ಎಲೆಯ ಅಂಚುಗಳು ಸುಟ್ಟಂತಾದವು. ಸುತ್ತಲಿನ ಮರಗಳು ಎಲೆ ಕೆಡವಿ ಜೀವ ಹಿಡಿದಿದ್ದವು. ಇದಕ್ಕೆ ಕೆಡವುವ ವಿದ್ಯೆಯೇ ಬರುತ್ತಿರಲಿಲ್ಲ. ಅವಳು ನಾಲಾದಿಂದ ನೆತ್ತಿಯವರೆಗೆ ಕೊಡ ಹೊರತೊಡಗಿದಳು. ನಾನೂ ಹೊತ್ತೆ. ಹೊಯ್ದ ನೀರನ್ನು ಕಲ್ಲು ನುಂಗಿ ಸುಮ್ಮನಾಗುತ್ತಿತ್ತು. ಬುಡಕ್ಕೆ ಹಸಿ ಗೋಣಿ ಸುತ್ತಿದಳು. ಕೋಲು ನೆಟ್ಟು, ತನ್ನ ಹಳೆಯ ಸೀರೆ ಕಟ್ಟಿ, ಗಿಡಕ್ಕೆ ನೆರಳು ಮಾಡಿದಳು. ನೆರಳಿಗೆಂದು ನೆಟ್ಟ ಗಿಡಕ್ಕೇ ನೆರಳು! ಊಟ ಬಿಟ್ಟಳು. ಮಾತಿನ ಮಲ್ಲಿಯಾಗಿದ್ದವಳು ಮೂಕಿಯಾದಳು. "ಗಿಡಕ್ಕ ಹುಚ್ಚಿ ಆಗಾಕತ್ತೀ" ಎಂದು ಗಂಡ ರೇಗಿದ. ಗಂಡಸರ ಬಾಯಿಗೇನು, ಬೀಗವೇ ಕೀಲಿಯೇ?

ಎಮ್ಮೆ ಮೇಯಿಸುವ ಗವಳಿ ಮುದುಕನೊಬ್ಬ ದಿನಾ ನೋಡುತ್ತಿದ್ದವನು ಒಂದು ದಿನ ಹತ್ತಿರ ಬಂದ. "ಬಾಯೀ, ಹೇ ಪಾಣ್ಯಾಚಂ ಝಾಡ. ನೀರಿನ ಗಿಡ ಇದು. ಇಲ್ಲಿ ಬಾಳೂದಿಲ್ಲ. ಇದರ ಮಂದಿ ಎಲ್ಲಾ ಕೆಳಗ ಐತಿ, ಅಲ್ಲೇ ಒಯ್ದು ಇಡು" ಎಂದ.

ಒಯ್ಯುವುದು ಹೇಗೆ? ಗಿಡ ಎತ್ತಬೇಕಾದರೆ ಬುಡ ಅಗೆಯಬೇಕು. "ಬೇರು ಕೂಸಿನ್ನ ಹಿಡಕೊಂಡಿದ್ರ? ಎಳದಂಗ ಆಗೂದಿಲ್ರಿ ಅಕ್ಕಾರ?" ಎಂದು ನನ್ನ ಕೈ ಹಿಡಿದಳು. ಬಿಟ್ಟರೆ ಗಿಡ ಸಾಯುತ್ತದೆ, ಅಗೆದರೆ... ಅಷ್ಟರಲ್ಲಿ ಅವಳ ಗಂಡನಿಗೆ ಕಲಂಗುಟ್‌ನಲ್ಲಿ ಕಟ್ಟಡದ ಕೆಲಸ ಸಿಕ್ಕಿತು, ಖೋಲಿ ಬಿಡಬೇಕು. ದಿನಾ ನಾನು ನೀರು ಹಾಕುತ್ತೇನೆ ಎಂದೆ. "ಇಬ್ರು ಹಾಕಿದ್ರನ ಬದಕವಲ್ದು, ಒಬ್ರ ಹಾಕಿದ್ರ ಬದಕತೈತೇನ್ರಿ?" ಎಂದಳು.

ಮರುದಿನ ಬೆಳಿಗ್ಗೆ ಕುರ್ಪಿ ಹಿಡಿದು ನನ್ನನ್ನು ನೆತ್ತಿಗೆ ಕರೆದಳು. ಸ್ವಲ್ಪ ಅಗೆದು ಕುರ್ಪಿ ಬಿಸಾಡಿ ಬೆರಳಿನಿಂದಲೇ ಮಣ್ಣು ಸರಿಸತೊಡಗಿದಳು, ಉಗುರಲ್ಲಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಹೆಚ್ಚು ಆಳವೇನೂ ಹೋಗಬೇಕಾಗಲಿಲ್ಲ. ಬೇರು ಕಲ್ಲಿಗೆ ತಾಗಿ, ದಾರಿ ಸಿಗದೆ, ತನ್ನ ಸುತ್ತ ತಾನೇ ಸಿಂಬಿಯಂತೆ ಸುತ್ತಿಕೊಂಡಿತ್ತು. ಅವಳು ಅದನ್ನು ತುಂಬ ಹೊತ್ತು ನೋಡಿದಳು. "ಮುಟ್ಟೇ ಇಲ್ರಿ... ನನ್ನ ಕೂಸಿನ್ನ ಇದು ಮುಟ್ಟೇ ಇಲ್ಲ" ಎಂದು ಹೊಟ್ಟೆ ಹೊಸೆದುಕೊಂಡು ಅತ್ತಳು. ಕೂಸು ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ನಾನೂ ಅತ್ತೆ.

ಗಿಡವನ್ನು ಗೋಣಿಯಲ್ಲಿ ಸುತ್ತಿ ಎದೆಗವಚಿಕೊಂಡು ಇಳಿದಳು. ನಾಲಾದ ದಂಡೆಯ ಕರಿ ಮಣ್ಣಿನಲ್ಲಿ ಇಬ್ಬರೂ ಸೇರಿ ನೆಟ್ಟೆವು. ಆಮೇಲೆ ಕೈ ತೊಳೆಯುವಾಗ ಅವಳು ಅಂದಳು: "ಗಿಡ ತನ್ನ ಮಂದ್ಯಾಗ ಬಂತು. ಮ್ಯಾಲ ನನ್ನ ಕೂಸಿಗಿ ಯಾರದಾರ್ರಿ?" ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಮತ್ತೆ ಮತ್ತೆ ಒಂದೇ ಮಾತು: "ಜಾಗಾ ನೆನಪಿಡ್ರಿ ಅಕ್ಕಾರ, ನಾ ಬರ್ತೇನಿ."

ಮಳೆ ಬಿದ್ದ ಮೇಲೆ ಗಿಡ ಚಿಗುರಿತು. ಫೋನ್ ಮಾಡಿ ಹೇಳಿದೆ. "ಹೌದೇನ್ರಿ" ಎಂದಳು, ಅಷ್ಟೇ. ಮೇಲೆ ಕೂಸಿನ ಜಾಗದಲ್ಲಿ ಹುಲ್ಲು ಬೆಳೆದಿದೆಯೇ ಎಂದು ಕೇಳಿದಳು. ಬೆಳೆದಿತ್ತು. ಆಮೇಲೆ ಆ ನಂಬರ್ ಹತ್ತಲಿಲ್ಲ. ನಾವೂ ವಾಸ್ಕೋಗೆ ಬಂದೆವು.

ಎಷ್ಟೋ ವರ್ಷ ಕಳೆದು, ಈ ಬೇಸಿಗೆಯಲ್ಲಿ ಊರಿನಿಂದ ಬರುವಾಗ ಮನಸ್ಸು ತಡೆಯದೆ ಮೊಲೆಂನಲ್ಲಿ ಇಳಿದೆ. ಖೋಲಿಗಳಿಲ್ಲ. ನಾಲಾದ ದಂಡೆಯಲ್ಲಿ ಎಲ್ಲ ಗಿಡಗಳೂ ಎತ್ತರ, ಎಲ್ಲವೂ ಹಸಿರು. ಅವಳದು ಯಾವುದೋ ತಿಳಿಯಲಿಲ್ಲ. ಅದಕ್ಕೆ ದುಃಖವಾಗಲಿಲ್ಲ. ಏದುಸಿರು ಬಿಡುತ್ತ ನೆತ್ತಿ ಹತ್ತಿದೆ. ಅಂಚಿನುದ್ದಕ್ಕೂ ಅವೇ ಬೋಳು ಮರಗಳು, ಅದೇ ಕಲ್ಲು, ಅದೇ ಒಣ ತರಗೆಲೆ. ತರಗೆಲೆ ಸರಿಸಿ ಸರಿಸಿ ನೋಡಿದೆ, ಇಲ್ಲಿ ಅನ್ನಿಸಿತು, ಅಲ್ಲ ಅನ್ನಿಸಿತು... ಅವಳು ಎಲ್ಲಿದ್ದಾಳೋ, ಹೇಗಿದ್ದಾಳೋ. ಎಂದಾದರೂ ಬಂದು ಕೇಳಿದರೆ ಕೈ ಮಾಡಿ ತೋರಿಸಲು ಈ ಗೋವೆಯಲ್ಲಿ ಇದ್ದವಳು ನಾನೊಬ್ಬಳೇ. ಸಂಜೆಯ ಬಸ್ಸಿನ ಹೊತ್ತಾಗುವವರೆಗೂ ಹುಡುಕಿದೆ. ಕೂಸು ಸಿಗಲಿಲ್ಲ.