ಗಿರೀಶನ ಆಟ, ನಾನು ತಂದ ಕಾರ್ಡು

ರುದ್ರಪ್ಪನವರ ಬೈಗುಳಕ್ಕೆ ಜೀವ ಇದ್ದದ್ದು, ಇಲ್ಲದ್ದು ಎಂಬ ಭೇದವಿರಲಿಲ್ಲ. ನಲ್ಲಿ ತೊಟ್ಟಿಕ್ಕಿದರೆ ನಲ್ಲಿಗೆ ಬೈಯುತ್ತಿದ್ದರು, ಬಸ್ಸು ತಡವಾದರೆ ರಸ್ತೆಗೆ. ಕಾಗದದ ಕಾರ್ಖಾನೆಯಲ್ಲಿ ಮೀಟರು, ಗೇಜುಗಳ ರಿಪೇರಿ ಅವರ ಕೆಲಸ. ಅವರ ಮಗ ಗಿರೀಶ ನನ್ನ ಗೆಳೆಯ. ಕಾಗದನಗರದ ಅವರ ಕ್ವಾರ್ಟರ್ಸಿಗೆ ನಾನು ಕಾಲಿಟ್ಟರೆ ಸಾಕು, "ಬಂದ್ಯಾ ಶನಿ? ಚಪ್ಪಲಿ ಅಲ್ಲೇ ಬಿಡು, ಒಳಗೆ ಮಷೀನಿದೆ" ಎನ್ನುತ್ತಿದ್ದರು.

ಮಷೀನೆಂದರೆ ಟಿವಿಗೆ ಸಿಕ್ಕಿಸುವ ಹಳೆಯ ಮನೆ ಕಂಪ್ಯೂಟರು. ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಓದಿಕೊಳ್ಳಬೇಕು. ಗಿರೀಶ ಅದರಲ್ಲಿ ಒಂದು ಆಟ ಬರೆದಿದ್ದ. ಹೊಳೆಯಲ್ಲಿ ತೇಲಿ ಬರುವ ಬಿದಿರನ್ನು ದೋಣಿಯಿಂದ ಹಿಡಿಯಬೇಕು. ಕೈ ತಪ್ಪಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಅಪ್ಪಾ ಬೈಬೇಡ' ಎಂದು ಮೂಡುತ್ತಿತ್ತು. ಹತ್ತನೇ ಕ್ಲಾಸು ಮುಗಿಸುವ ಮೊದಲೇ ಗಿರೀಶ ಕಾಮಾಲೆಯಲ್ಲಿ ಹೋದ. ಆಟ ಒಂದೇ ಒಂದು ಕ್ಯಾಸೆಟ್ಟಿನಲ್ಲಿ ಉಳಿದು, ಎಷ್ಟೋ ವರ್ಷ ಬೀರುವಿನಲ್ಲಿತ್ತು.

ನಿವೃತ್ತರಾದ ಮೇಲೆ, ಇತ್ತೀಚೆಗೆ, ರುದ್ರಪ್ಪನವರು ಎಲ್ಲಿಂದಲೋ ಒಂದು ಅಡಾಪ್ಟರು ತರಿಸಿದರು. ಕ್ಯಾಸೆಟ್ಟಿನ ಬದಲು ಮೆಮೊರಿ ಕಾರ್ಡು ಹಾಕಲು ಅದು. ಆಟವನ್ನು ಕಾರ್ಡಿಗೆ ಇಳಿಸಿಬಿಟ್ಟರೆ ಟೇಪು ಹಾಳಾದರೂ ಚಿಂತೆಯಿಲ್ಲ. ಟೇಪು ಆಗಲೇ ಸವೆದಿತ್ತು. ಇನ್ನೊಂದು ಸಲ ಓಡೀತು, ಆಮೇಲೆ ದೇವರೇ ಗತಿ. ಅದಕ್ಕೇ ಕಾರ್ಡು ಸರಿಯಾಗುವ ತನಕ ಕ್ಯಾಸೆಟ್ಟು ಮುಟ್ಟಕೂಡದೆಂದು ಅವರ ಕಟ್ಟಪ್ಪಣೆ.

ಕಾರ್ಡು ಸರಿಯಾದರೆ ತಾನೆ. ಈಗಿನ ದೊಡ್ಡ ಕಾರ್ಡು ಹಾಕಿದರೆ ಯಂತ್ರ ಕಣ್ಣೇ ಬಿಡುತ್ತಿರಲಿಲ್ಲ. ಎರಡು ಜಿಬಿಗಿಂತ ಹೆಚ್ಚು ಅದಕ್ಕೆ ಅರಗದು. ಮಾಚೇನಹಳ್ಳಿಯಲ್ಲಿ ಕೆಲಸ ಮುಗಿಸಿ ನಾನು ಶಿವಮೊಗ್ಗದ ಮೊಬೈಲ್ ಅಂಗಡಿಗಳನ್ನೆಲ್ಲ ಜಾಲಾಡಿದೆ. "ಸಾರ್, ಅದು ಓಬೀರಾಯನ ಕಾಲದ್ದು" ಎಂದು ನಕ್ಕರು. ಕೊನೆಗೆ ಕೋಟೆಯ ಹತ್ತಿರದ ಫೋಟೋ ಸ್ಟುಡಿಯೋ ಒಂದರ ಡ್ರಾಯರಿನ ತಳದಲ್ಲಿ ಸಿಕ್ಕಿತು. ರುದ್ರಪ್ಪನವರು ಅದನ್ನು ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿ, ನಾಲ್ಕು ಸಾಲು ಬರೆದು ಉಳಿಸಿ, ಯಂತ್ರ ಆರಿಸಿ ಮತ್ತೆ ಹಚ್ಚಿದರು. ನಾಲ್ಕೂ ಸಾಲು ಬಂದವು. "ಪರವಾಗಿಲ್ಲ ಕಣೋ, ನೀನೂ ಒಂದ್ ಕೆಲ್ಸ ನೆಟ್ಟಗೆ ಮಾಡ್ದೆ" ಎಂದರು. ಜೀವಮಾನದಲ್ಲಿ ಅವರಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಈಗಲೇ ಕ್ಯಾಸೆಟ್ಟು ಹಾಕೋಣ ಎಂದೆ. ಒಪ್ಪಲಿಲ್ಲ. "ನಾಳೆ ಆಯುಧಪೂಜೆ ಮಾರಾಯ. ಪೂಜೆಗಿಟ್ಟು ವಿಜಯದಶಮಿ ಬೆಳಿಗ್ಗೆ ಹಚ್ಚೋಣ. ಇಷ್ಟ್ ವರ್ಷ ಕಾದಿದೀವಿ." ಕಾರ್ಖಾನೆಯ ಅಭ್ಯಾಸ, ಪೂಜೆಯಾಗದೆ ಹೊಸದೇನನ್ನೂ ಹಚ್ಚದ ಜನ.

ದಶಮಿಯ ಬೆಳಿಗ್ಗೆ ಹೋದಾಗ ಅವರ ಹೆಂಡತಿ ಪಾರ್ವತಮ್ಮ ಬನ್ನಿ ತರಲು ದೇವಸ್ಥಾನಕ್ಕೆ ಹೋಗಿದ್ದರು. ಯಂತ್ರಕ್ಕೆ ರುದ್ರಪ್ಪನವರೇ ಒಣ ಕುಂಕುಮ ಇಟ್ಟಿದ್ದರು. ಕ್ಯಾಸೆಟ್ಟಿಗೆ ಪೂಜೆ ಮಾಡಿದ್ದು ಪಾರ್ವತಮ್ಮ. ಮಗನದಲ್ಲವೇ. ಅದನ್ನು ಡಬ್ಬಿಯಿಂದ ಹೊರತೆಗೆದು, ಒದ್ದೆ ವಿಭೂತಿಯನ್ನು ಮೂರು ಬೆರಳಲ್ಲಿ ಅಡ್ಡಕ್ಕೆ ಎಳೆದಿದ್ದರು. ಟೇಪು ಹೊರಗೆ ಕಾಣುವ ಅಂಚಿನೊಳಕ್ಕೂ ವಿಭೂತಿಯ ನೀರು ಇಳಿದು ಒಣಗಿತ್ತು. ರುದ್ರಪ್ಪನವರು ಒರೆಸಿ ಒರೆಸಿ, ಶಿವನ ಮೇಲೆ ಭಾರ ಹಾಕಿ ಹಚ್ಚಿದರು. ಅಂಟಿಕೊಂಡಿದ್ದ ಟೇಪು ಎಳೆದಾಡಿ ನಜ್ಜುಗುಜ್ಜಾಗಿ ಹರಿಯಿತು. ಅಂಟಿಸಿ ನೋಡಿದೆವು. ಒಂದು ತುಣುಕು ಹೋದರೂ ಆ ಯಂತ್ರ ಇಡೀ ಆಟವನ್ನೇ ಒಪ್ಪುವುದಿಲ್ಲ. ರುದ್ರಪ್ಪನವರು ಕ್ಯಾಸೆಟ್ಟಿನ ಮೇಲೆ ಉಳಿದಿದ್ದ ವಿಭೂತಿಯನ್ನು ಪಂಚೆಯ ತುದಿಯಿಂದ ತಿಕ್ಕುತ್ತಿದ್ದರು.

ಪಾರ್ವತಮ್ಮ ಬಂದರು. "ಬಂತೇನ್ರೀ ಗಿರೀಶನ್ ಆಟ?"

"ಎಲ್ಲಿ ಬರುತ್ತೆ? ಇವನು ತಂದ ದರಿದ್ರ ಕಾರ್ಡು ಟೇಪನ್ನೇ ಹಾಳು ಮಾಡ್ತು" ಎಂದರು ರುದ್ರಪ್ಪನವರು, ಕ್ಯಾಸೆಟ್ಟನ್ನು ಜೇಬಿಗಿಳಿಸುತ್ತ.

ಪಾರ್ವತಮ್ಮ ಗಂಡನ ಕೈಗೆ ಬನ್ನಿ ಎಲೆ ಕೊಟ್ಟರು. ನನಗೆ ಕೊಡಲಿಲ್ಲ.

ಗೇಟಿನ ತನಕ ಬಂದು ರುದ್ರಪ್ಪನವರು ಮೆಲ್ಲಗೆ ಹೇಳಿದರು: "ನೀನೇ ಹೊತ್ಕೊ ಮಾರಾಯ. ತಾನೇ ಕೆಡಿಸಿದ್ದು ಅಂತ ಗೊತ್ತಾದ್ರೆ ಅವಳು ಉಳಿಯಲ್ಲ. ನೀನು ಹೊರಗಿನೋನು, ನಿನಗೇನು?"

ಹೊರಗಿನವನಂತೆ. ಗಿರೀಶನ ತಟ್ಟೆಯಲ್ಲೇ ಉಂಡು ಬೆಳೆದವನು ನಾನು. ಹೆಂಡತಿಯನ್ನು ಉಳಿಸಿಕೊಂಡದ್ದು ಸರಿ, ಅದಕ್ಕೆ ನನ್ನನ್ನೇ ಬಲಿ ಕೊಡಬೇಕಿತ್ತೇ? ಆ ಸಿಟ್ಟು ಇನ್ನೂ ಆರಿಲ್ಲ. ಮತ್ತೆ ಆ ಮನೆಗೆ ಹೋಗಲಿಲ್ಲ. ಹೋಗಿದ್ದು ರುದ್ರಪ್ಪನವರು ತೀರಿಕೊಂಡ ಮೇಲೆ, ಅವರ ಶಿವಗಣಾರಾಧನೆಗೆ.

ಊಟದ ಪಂಕ್ತಿಯಲ್ಲಿ ಪಾರ್ವತಮ್ಮ ನನ್ನೆದುರು ನಿಂತರು. ತುಂಬ ಇಳಿದುಹೋಗಿದ್ದರು. "ನನ್ ಮಗ ತನ್ ಕೈಯಾರೆ ಮಾಡಿದ್ದು ಅದೊಂದೇ ಉಳಿದಿತ್ತು ಕಣಪ್ಪ. ಕಾರ್ಡು ನೋಡಿ ತರಬಾರ್ದಿತ್ತಾ?"

ನಾಲಿಗೆಯ ತುದಿಗೆ ಬಂದಿತ್ತು. ಇನ್ನು ಮುಚ್ಚಿಡುವುದು ಯಾರಿಗೋಸ್ಕರ?

ಅಷ್ಟರಲ್ಲಿ ಅವರೇ ಹೇಳಿದರು: "ನನ್ನಿಂದ ಇನ್ನೇನಾಗ್ತಿತ್ತು? ತೊಡೆ ಮೇಲೆ ಕೂರಿಸ್ಕೊಂಡು ಮಗೂಗೆ ಇಡೋ ಹಾಗೆ ಆ ಕ್ಯಾಸೆಟ್ಟಿಗೆ ವಿಭೂತಿ ಇಟ್ಟಿದ್ದೆ. ಅಷ್ಟಾದ್ರೂ ಮಾಡಿದ್ನಲ್ಲ ಅಂತ ಸಮಾಧಾನ."

"ತಪ್ಪಾಯ್ತಮ್ಮ, ನೋಡಿ ತರಬೇಕಿತ್ತು" ಎಂದೆ.