ಅಕ್ಕನ ಚಹಾಕ್ಕೆ ನಾನಿಟ್ಟ ವಿಶೇಷಣ

ಚಹಾದ ಮೇಲೆ ಕೆನೆ ಕಟ್ಟಿದ್ದರೆ ಸಾಕು, ನನ್ನ ಬಾಯಿಂದ ‘ಹಾರಿಬಲ್’ ಎಂಬ ಉದ್ಗಾರ ತಾನಾಗಿಯೇ ಹೊರಬೀಳುತ್ತದೆ. ಘೋರ, ಭೀಕರ, ಭಯಾನಕ ಎಂದು ನಿಘಂಟು ಕೊಡುವ ಅರ್ಥಗಳನ್ನು ಬೈಲಹೊಂಗಲದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದವನು ನಾನೇ. ಆದರೆ ನೀವೇ ನೋಡಿ, ಸ್ವಂತ ಬಳಕೆಯಲ್ಲಿ ನನಗೆ ಘೋರವಾದದ್ದು ಸವದತ್ತಿ ಬಸ್ಸಿನ ಸೀಟು, ಭೀಕರವಾದದ್ದು ಮಧ್ಯಾಹ್ನದ ಬಿಸಿಲು, ಭಯಾನಕವಾದದ್ದು ಸುರೇಬಾನದಲ್ಲಿರುವ ನನ್ನ ಅಕ್ಕ ನೀಲವ್ವನ ಚಹಾ! ಎಂ.ಕೆ. ಹುಬ್ಬಳ್ಳಿ ಕಾರ್ಖಾನೆಯ ಸಕ್ಕರೆಯೆಲ್ಲ ಅವಳ ಬೋಗುಣಿಗೇ ಬಂದಿಳಿಯುತ್ತದೆಯೇನೋ ಎನ್ನುವಷ್ಟು ಸಿಹಿ. ನಾನು ಗುಟುಕರಿಸಿ ‘ಹಾರಿಬಲ್’ ಅನ್ನುವುದು, ಅವಳು ‘ಕುಡದೂ ಕುಡದೂ ಬೈತೀಯಲ್ಲೊ ಭಾಡ್ಯಾ’ ಎನ್ನುತ್ತ ಮತ್ತೆ ಸುರಿಯುವುದು. ಇದೇ ನಮ್ಮ ಕುಶಲೋಪರಿ.

ಹೋದ ಚಳಿಗಾಲದಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಅಕ್ಕನ ಬಲಗೈಯ ಮೂರು ಬೆರಳು ಹೋದವು. ದವಾಖಾನೆಯಲ್ಲಿ ಆ ಕೈಯಿಂದ ಕಣ್ಣು ತಪ್ಪಿಸಿದ್ದ ನಾನು, ಪಟ್ಟಿ ಬಿಚ್ಚಿದ ಮೇಲೆ ನಮ್ಮ ಕಡೆಯ ರೂಢಿಯಂತೆ ಮಾತಾಡಿಸಿಕೊಂಡು ಬರಲು ಹೋದೆ. ಹೆಸರಿಗೆ ಮಾತಾಡಿಸುವುದು, ಬಂದವರು ಬಿಸ್ಕಿಟ್ ಪುಡಿಕೆ ಇಟ್ಟು, ಗೋಡೆಗೆ ಆತು ಕುಳಿತು, ‘ಹಣೇಬರಾ’ ಎಂದು ಎದ್ದುಹೋಗುತ್ತಾರೆ. ನಾನೂ ಕುಳಿತೆ. ಎರಡೇ ಬೆರಳು ಉಳಿದ ಆ ಕೈಯನ್ನು ನೋಡಿದಾಗ ನಾಲಿಗೆಯ ಮೇಲೆ ಅದೇ ಶಬ್ದ ಬಂತು, ಮೊದಲ ಬಾರಿಗೆ ನಿಘಂಟಿನ ಅರ್ಥದೊಡನೆಯೇ ಬಂತು. ಚಹಾಕ್ಕೆ ಸವೆಸಿದ ಮಾತನ್ನು ಈ ಕೈಗೆ ಹೇಗೆ ಅನ್ನಲಿ? ನನಗೆ ನಾಚಿಕೆಯಾಯಿತು. ಇನ್ನು ಆ ಶಬ್ದವನ್ನು ಬಾಯಿಗೆ ತರಬಾರದೆಂದು ಅಲ್ಲೇ ನಿಶ್ಚಯಿಸಿದೆ.

ಅಕ್ಕ ಸೊಸೆಯನ್ನು ಬದಿಗೆ ಸರಿಸಿ ಎಡಗೈಯಿಂದಲೇ ಚಹಾ ಮಾಡಿ ತಂದಳು. ಅರ್ಧ ಚಹಾ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿತ್ತು, ಸಕ್ಕರೆ ಯಥಾಪ್ರಕಾರ. ‘ಭಾಳ ಚಲೋ ಆಗೇತಿ, ಅಕ್ಕಾ’ ಎಂದೆ.

ಅವಳ ಮುಖ ಬಾಡಿತು. ‘ನೀನೂ ಹಂಗ ಅಂತೀಯೇನೊ? ರೊಟ್ಟಿ ಬಡಿಯಾಕ ಬರವಲ್ದು, ಹರದ ರೊಟ್ಟಿಗೂ ಎಲ್ಲಾರೂ ಚಲೋ ಅನ್ನಾಕ ಹತ್ಯಾರ. ನಾ ಏನ ಸತ್ತ ಹೋಗೇನೇನು?’ ಎಂದಳು. ಕಣ್ಣು ತುಂಬಿದ್ದವು.

ನಾನು ಮತ್ತೊಂದು ಗುಟುಕು ಕುಡಿದೆ. ಮೂವತ್ತು ವರ್ಷದ ಮಾಸ್ತರಿಕೆಯ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು, ‘ಹಾರಿಬಲ್’ ಎಂದೆ.

‘ಭಾಡ್ಯಾ!’ ಎಂದಳು ಅಕ್ಕ. ಎಡಗೈಯಲ್ಲಿ ಬೋಗುಣಿ ಎತ್ತಿ, ನನ್ನ ಕಪ್ಪನ್ನು ಮತ್ತೆ ತುಂಬಿಸಿದಳು. ಈ ಸಲ ಕೆನೆಯೂ ಬಿತ್ತು. ಕೆನೆ ಸಮೇತ ಕುಡಿದೆ.